ಪಟ್ಟಿಯೊಳಗ ಏಳನೇದು

ಮೂರನೇ ಸಲ ಬಂದೀನಿ ಈ ಮನಿಗಿ.
ಕಲಬುರಗಿ, ಸೇಡಂ ರಸ್ತೆ, ಹಾಲಿನ ಬೂತಿನ ಹಿಂದ;
ಅಂಗಳದ ಫರಸಿ ರೊಟ್ಟಿ ಹಂಚಿನಂಗ ಕಾದದ.
ಮಷೀನಿನ ಹಣಿ ಮ್ಯಾಲ ಅದೇ ಕೆಂಪಕ್ಷರ: ಇ ಹನ್ನೊಂದು.
ಹೊಟ್ಟಿ ತುಂಬ ಸಾಬೂನಿನ ನೀರು, ಬಾಯಿಗಿ ಬೀಗ.
ಗಾಜಿನ ಆಚೆ ನೀಲಗಂಗಾ ಸಿಸ್ಟರ್ ಅವರ ಬಿಳಿ ಅಂಗಿ
ಒಂದು ತೋಳು ಮ್ಯಾಲೆತ್ತಿ ನಿಂತದ,
ಉತ್ತರ ಗೊತ್ತಿದ್ದೂ ಯಾರೂ ಕೇಳದ ಹುಡುಗಿಯಂಗ.

ಮೊದಲನೇ ಸಲ ಪಂಪು ಬಿಚ್ಚಿದ್ದೆ.
ಒಂದು ಗುಂಡಿ, ಎರಡು ಹೇರ್‌ಪಿನ್ನು, ಒಂದು ಎಂಟಾಣೆ.
ಈ ಮಷೀನು ಹುಟ್ಟೂದಕ್ಕ ಮೊದಲೇ ಸತ್ತ ಎಂಟಾಣೆ
ಇದರ ಹೊಟ್ಟ್ಯಾಗ ಹೆಂಗ ಬಂತೋ,
ಇಬ್ಬರೂ ನಕ್ಕೆವು.
ಎರಡನೇ ಸಲ ಬೋರ್ಡು ಬದಲಿಸಿದೆ. ಎರಡು ಸಾವಿರದ ಎಂಟುನೂರು.
ಮರುದಿನ ಮಧ್ಯಾಹ್ನ ಫೋನು:
"ಮಹಾನಂದಾಬಾಯಿ, ಹೊಸಾದಕ್ಕೂ ಅದೇ ಜಡ್ಡು."

ಆ ರಾತ್ರಿ ರೊಟ್ಟಿ ಸೇರಲಿಲ್ಲ.
ಹನ್ನೆರಡು ವರ್ಷದಾಗ ಕೆಟ್ಟ ಮಷೀನಿಗಿ ನಾ ಹೆದರಿಲ್ಲ.
ಏನೂ ಕೆಡದೇ ನಿಲ್ಲೋದಕ್ಕ ಹೆದರ್ತೀನಿ.

ಇವತ್ತ ಏನೂ ಬಿಚ್ಚಲಿಲ್ಲ.
ಸ್ಟೂಲು ಎಳಕೊಂಡು ಕುಂತೆ, ಜ್ವರದ ಕೂಸಿನ ಬಾಜೂಕ ಕುಂತಂಗ.
ಒಂದೂ ನಲವತ್ತಕ್ಕ ನೀರು ಕುಡೀತು.
ಆಮ್ಯಾಲ ತನ್ನಷ್ಟಕ್ಕ ಗುನುಗುತ ತಿರುಗಿತು.
ಮ್ಯಾಲಿನ ಕೋಣ್ಯಾಗ ಕಲ್ಯಾಣರಾವ್ ಅವರು ಉಂಡು ಅಡ್ಡಾದರು,
ಏಸಿ ಗುರ್ ಅಂತು.
ಎರಡೂ ಎಂಟಕ್ಕ ಮಷೀನು ನೀರು ಕಾಯಿಸಾಕ ಹತ್ತಿತು.
ಮೆಟ್ಟಿಲ ಕೆಳಗ ಎಲ್ಲೋ

ಟಕ್.

ಹಲ್ಲಿ ಲೊಚಗುಟ್ಟಿದಂಗ, ಖರೇ ಮಾತಿಗಿ.
ಫ್ಯಾನು ನಿಲ್ಲಲಿಲ್ಲ, ಲೈಟು ಹೋಗಲಿಲ್ಲ.
ಮಷೀನು ಮಾತ್ರ ಕಣ್ಣು ಮುಚ್ಚಿ, ತೆರೆದು,
ಮತ್ತ ಅದೇ ಅಂತು.

ಮೀಟರಿನ ಮಗ್ಗಲಕ ಕರೀ ಡಬ್ಬಿ, ಬುತ್ತಿ ಡಬ್ಬಿಯಷ್ಟು,
ಹಸಿರು ದೀಪ ಮಿಣುಕ್ ಮಿಣುಕ್.
"ಇದೇನ್ರಿ ಸಿಸ್ಟರ್?"
"ಸೋಲಾರ್ ಹಾಕ್ಸಿದಾಗ ಬಂದದ.
ಮನಿ ಕರೆಂಟಿಗಿ ಹಿರೇತನ ಮಾಡ್ತದಂತ,
ಹೆಚ್ಚಾದ್ರ ಯಾರ ಬಾಯಿ ಮುಚ್ಚಬೇಕು ಅದಕ್ಕ ಗೊತ್ತು.
ನಮ್ಮವರು ಪಟ್ಟಿ ಬರದು ಕೊಟ್ಟಾರ."

ಅವರ ಫೋನಿನ್ಯಾಗೂ ಇತ್ತು ಆ ಪಟ್ಟಿ, ಒಮ್ಮಿನೂ ತೆರೀದೇ.
ದೇವರ ಜಗಲಿ ದೀಪ, ಫ್ರಿಜ್ಜು, ಏಸಿ, ಟೀವಿ, ಬೋರಿನ ಮೋಟರು,
ಮೀನಿನ ತೊಟ್ಟಿಗಿ ಗಾಳಿ.
ಏಳನೇದು ಬಟ್ಟಿ ಮಷೀನು.
ಅದರ ಮುಂದ ಸಣ್ಣಕ್ಷರದಾಗ: ತಡ ಆದ್ರೂ ನಡೀತದ.

ಸಿಸ್ಟರ್ ಅದನ್ನ ಎರಡು ಸಲ ಓದಿದರು.
ಮೂರು ವಾರ ಆಯ್ತು, ಈ ಬಿಸಿಲಾಗ, ಹಿತ್ತಲ ಕಲ್ಲಿನ ಮ್ಯಾಲ
ಅಂಗಿ ತಿಕ್ಕಿ ತಿಕ್ಕಿ ರಾತ್ರಿ ಎಂಟಕ್ಕ ಹೋಗ್ಯಾರ,
ಈಗಷ್ಟೇ ಹುಟ್ಟಿದವರ ವಾರ್ಡಿಗಿ.
"ಬೇಕಂತ ಬರದಿಲ್ಲ ಅವರು," ಅಂದರು.
"ಮನಿ ತಿರುಗಿ ಕಂಡಂಗ ಬರದಿರಬೇಕು.
ಬಚ್ಚಲ ಹಿಂದ ಹೋಗೋದು ಕಡೀಕೇ."

ಮಷೀನಿನ ಹೆಸರಿನ ಮ್ಯಾಲ ಹೆಬ್ಬೆರಳು ಒತ್ತಿದೆ, ಅದು ನಡುಗಿತು.
"ಎಲ್ಲಿ ಇಡ್ಲಿರಿ?"
ಭಾಳ ಹೊತ್ತು ಯೋಚಿಸಿದರು.
"ಮೀನಿನಕಿಂತ ಮ್ಯಾಲ ಬ್ಯಾಡ. ಅವುಕ್ಕ ಉಸಿರದು."
ಮೀನು ಏರಿದವು. ಮಷೀನು ಏರಿತು.
ಏನೇನೋ ಇಳೀತು.

ಚೀಲದಾಗಿದ್ದ ಹಳೇ ಬೋರ್ಡು ತೆಗೆದು ಒರೆಸಿ
ಅದರ ಜಾಗಕ್ಕ ಅದನ್ನೇ ಕೂಡಿಸಿದೆ.
ರೊಕ್ಕ ತಿರುಗಿ ಕೊಟ್ಟೆ.
ಬಿಲ್ಲಿನ್ಯಾಗ 'ಬದಲಿಸಿದ ಭಾಗ' ಅಂತ ಒಂದು ಸಾಲದ,
ಅಲ್ಲಿ ಪೆನ್ನು ನಿಂತೇ ಬಿಟ್ಟಿತು.

ಅಷ್ಟರಾಗ ನೀರು ಕಾದಿತ್ತು.
ಗಾಜಿನೊಳಗ ಬಿಳಿ ತೋಳು ಕೈ ಇಳಿಸಿ
ಗುಂಪಿನ್ಯಾಗ ಕೂಡಿತು.

ಟಕ್.

ಮ್ಯಾಲಿಂದ ಇಳಿದು ಬಂದರು ಕಲ್ಯಾಣರಾವ್,
ಹೆಗಲ ಮ್ಯಾಲ ಟಾವೆಲ್ಲು, ಬೆನ್ನ ತುಂಬ ಬೆವರು.
"ಮಹಾನಂದಾಬಾಯಿ, ಹೆಂಗೂ ಬಂದೀರಿ,
ಏಸಿನೂ ಒಂಚೂರು ನೋಡ್ರಿ. ಕೆಟ್ಟದ."

"ಕೆಟ್ಟಿಲ್ರಿ," ಅಂದೆ.
ಸಿಸ್ಟರ್ ಬಟ್ಟಿ ಎಣಿಸಲತ್ತಿದ್ದರು, ತಲಿ ಎತ್ತಲಿಲ್ಲ.