ತಣ್ಣಗಾದ ಮೇಲೆ ಅಳೆಯಬೇಕು

ಗಾಳಿಮಾತಿಗೆ ಬೆಲೆಯಿಲ್ಲ ಅಂತಾರೆ.
ನನ್ನ ಅಂಗಡಿಯಲ್ಲಿ ಗಾಳಿಗೇ ಬೆಲೆ:
ಚಕ್ರಕ್ಕೆ ಹತ್ತು ರೂಪಾಯಿ, ಸ್ಟೆಪ್ನಿಗೂ ಅಷ್ಟೇ,
ಶಾಲೆ ಮಕ್ಕಳ ಸೈಕಲ್ಲಿಗೆ ಪುಕ್ಕಟೆ.

ಗೋಣಿಕೊಪ್ಪ, ಬೆಳಗಿನ ಆರೂವರೆ. ಶಟರು ಅರ್ಧ ಎತ್ತಿದ್ದೇನೆ,
ಕಂಪ್ರೆಸರು ಕೆಮ್ಮಿ ಕೆಮ್ಮಿ ಎದೆ ತುಂಬಿಸಿಕೊಳ್ಳುತ್ತಿದೆ.
ಆಗ ಬರುತ್ತದೆ, ಹೊಟ್ಟೆ ನೆಲಕ್ಕಂಟಿದ ಉಡದ ಹಾಗೆ
ಆ ಹಳದಿ ಕಾರು. ಎರಡೇ ಸೀಟು.
ಪೊನ್ನಕ್ಕಿ ಅದರಿಂದ ಇಳಿಯುವುದಿಲ್ಲ, ಏಳುತ್ತಾಳೆ.

'ಇಕ್ಕಾ, ಮೂವತ್ತಾರು. ಪೆರುಂಬಾಡಿ ದಾಟಿ ಮಾಕುಟ್ಟ ಇಳಿಯಬೇಕು.'
'ಮೂವತ್ತಾರು ಜಾಸ್ತಿಯಾಯಿತು ಮೋಳೇ.'
'ಸ್ಟೇರಿಂಗು ತಿರುಗಿಸಿದರೆ ಮೂತಿ ತಕ್ಷಣ ತಿರುಗಬೇಕು,
ಯೋಚಿಸುತ್ತ ನಿಲ್ಲಬಾರದು.'

ಅವಳು ಹೇಳುವುದೂ ನಿಜ. ಗಾಳಿ ಗಟ್ಟಿಯಿದ್ದರೆ
ಟೈರಿನ ಕೆನ್ನೆ ಮಡಚುವುದಿಲ್ಲ,
ಕೈಯ ಮಾತು ರಸ್ತೆಗೆ ನೇರ ಮುಟ್ಟುತ್ತದೆ.
ಆದರೆ ಎಂಥ ಕಾರೇ ಆಗಲಿ, ಎಷ್ಟೇ ಓಡಲಿ,
ಭೂಮಿಯನ್ನು ಹಿಡಿದಿರುವುದು ನಾಲ್ಕು ಅಂಗೈ ಜಾಗ.
ಗಾಳಿ ಹೆಚ್ಚಾದರೆ ಅಂಗೈ ಹೋಗಿ ಬೆರಳ ತುದಿ ಉಳಿಯುತ್ತದೆ,
ತಿರುವಿನ ಜಲ್ಲಿಯ ಮೇಲೆ ಕಪ್ಪೆಯ ಹಾಗೆ ಕುಪ್ಪಳಿಸುತ್ತದೆ.
ಕಡಿಮೆಯಾದರೆ ಅಂಗೈ ಅಗಲ, ಹಿಡಿತ ಸಡಿಲ,
ಅಂಚು ಸವೆದು ನಡು ಹೊಸದಾಗಿಯೇ ಇರುತ್ತದೆ.
ಟೈರು ಸವರಿದರೆ ಸಾಕು ನನಗೆ. ಯಾರು ಹೇಗೆ ಬಂದರೆಂದು
ರಬ್ಬರು ಬಚ್ಚಿಡುವುದಿಲ್ಲ.

ಮಂಗಳವಾರ ಮಾತ್ರ ಲೆಕ್ಕ ಬೇರೆ.
ಮಂಗಳವಾರ ಪಕ್ಕದ ಸೀಟಿನಲ್ಲಿ ಬೋಜವ್ವ,
ಹೊಸ ಸೊಂಟದ ಕೀಲು, ಕಾಲ ನಡುವೆ ಊರುಗೋಲು,
ವಿರಾಜಪೇಟೆಯಲ್ಲಿ ಹತ್ತು ಗಂಟೆಗೆ ವ್ಯಾಯಾಮದ ಡಾಕ್ಟರು.
'ಇಕ್ಕಾ, ಇಪ್ಪತ್ತಾರಕ್ಕೆ ಇಳಿಸಿ. ಅವ್ವನಿಗೆ ಹಾಸಿಗೆಯ ಹಾಗಿರಬೇಕು.'
ನಾನು ವಾಲ್ವಿನ ನಾಲಿಗೆ ಒತ್ತುತ್ತೇನೆ.
ಸುಯ್ಯೆಂದು ಹೋಗುತ್ತದೆ ಮಾಕುಟ್ಟ, ಹೋಗುತ್ತದೆ ಭಾನುವಾರ.
ಹೊರಬರುವ ಗಾಳಿ ಬೆರಳಿಗೆ ತಣ್ಣಗೆ ತಾಗುತ್ತದೆ.

ಆರು ಮಂಗಳವಾರ ಹೀಗೆ. ಏಳನೆಯದಕ್ಕೆ
ಪೊನ್ನಕ್ಕಿ ಎದುರಿನ ಬೇಕರಿಗೆ ಬನ್ನು ತರಲು ಹೋದಾಗ
ಕಿಟಕಿಯ ಗಾಜು ಇಳಿಯಿತು.
'ಏಯ್ ಮೊಯ್ದು, ಬಾ ಇಲ್ಲಿ.
ನಿಮ್ಮ ಇಪ್ಪತ್ತಾರಕ್ಕೆ ಬೆಂಕಿ ಬೀಳಲಿ.
ಹಾತೂರಿಂದ ಬಿಟ್ಟಂಗಾಲದವರೆಗೆ ತಿರುವು ತಿರುವಿಗೂ
ತೊಟ್ಟಿಲು ತೂಗುತ್ತೆ ಈ ಗಾಡಿ.
ಗುಂಡಿಗೆ ಬಿದ್ದರೆ ಸೊಂಟ ಒಂದೇ ಸಲ ನೋಯುತ್ತೆ, ಬೈದು ಮುಗಿಸಬಹುದು.
ತೂಗಿದರೆ ದಾರಿಪೂರ್ತಿ ಹೊಟ್ಟೆ ತೊಳೆಸುತ್ತೆ.
ಹದಿನೆಂಟು ವರ್ಷ ತೋಟದ ಜೀಪು ಓಡಿಸಿದವಳು ನಾನು,
ಕಾಫಿ ಮೂಟೆ ಹೇರಿ, ಅರ್ಧ ಬ್ರೇಕಿನಲ್ಲಿ.
ವಾಂತಿ ಬರುತ್ತೆ ಅಂತ ಮಗಳ ಹತ್ತಿರ ಹೇಳಲಾ?'

ಬನ್ನು ಬರುವುದರೊಳಗೆ ಮೂವತ್ತೊಂದು ಹಾಕಿದೆ.
ವಾಲ್ವಿಗೆ ಎಂಜಲು ಸವರಿ, ಗುಳ್ಳೆಯಿಲ್ಲವೆಂದು ನೋಡಿ
ಮುಚ್ಚಳ ತಿರುಗಿಸಿದೆ.
ಇಪ್ಪತ್ತಾರಾ ಎಂದಳು. ಹೂಂ ಎಂದೆ.
ಮೇಲಿನವನ ಲೆಕ್ಕ ಆಮೇಲೆ ನೋಡೋಣ.

ಮಧ್ಯಾಹ್ನ ಅವಳು ಬ್ರೇಕು ಒತ್ತಿದ ಸದ್ದಿಗೇ ತಿಳಿಯಿತು.
'ಹಾತೂರಿನ ಮೊದಲನೇ ತಿರುವಲ್ಲೇ ಸ್ಟೇರಿಂಗು ಹೇಳಿತು ನನಗೆ.
ಗೇಜು ತನ್ನಿ. ಈಗಲೇ.'
ಬಿಸಿ ಟೈರು ನಿಜ ಹೇಳುವುದಿಲ್ಲ ಮೋಳೇ,
ಓಡಿ ಬಂದ ಗಾಳಿ ಉಬ್ಬಿರುತ್ತೆ, ಮೂರು ನಾಲ್ಕು ಹೆಚ್ಚೇ ತೋರಿಸುತ್ತೆ.
ತಣ್ಣಗಾದ ಮೇಲೆ ಅಳೆಯಬೇಕು. ಕೂತುಕೋ.
ಸ್ಟೂಲು ಕೊಟ್ಟೆ, ಸುಲೈಮಾನಿ ತರಿಸಿದೆ.
ಅವಳು ಕುಡಿಯಲಿಲ್ಲ. ಆಮೇಲೆ ಕುಡಿದಳು.

ಕಾರಿನೊಳಗೆ ಬೋಜವ್ವನಿಗೆ ಬಾಯಿ ತೆರೆದ ನಿದ್ದೆ,
ಊರುಗೋಲು ಗೇರಿಗೆ ಒರಗಿದೆ.
ಪೊನ್ನಕ್ಕಿ ಆ ಕಡೆಗೇ ನೋಡಿದಳು, ತುಂಬಾ ಹೊತ್ತು.
'ಬಿಟ್ಟಂಗಾಲದಲ್ಲಿ ಮಲಗಿದ್ದು. ಗೊರಕೆ ಬೇರೆ.'

ಗೇಜು ಅವಳ ಕೈಯಲ್ಲೇ ಇತ್ತು, ಟೈರಿಗೆ ಇಡಲಿಲ್ಲ.
'ನಿಮಗೆ ಯಾರು ಹೇಳಿದ್ದು?'
'ಗಾಳಿಮಾತು,' ಅಂದೆ.
ನಗಲಿಲ್ಲ ಅವಳು.
ನಲವತ್ತು ರೂಪಾಯಿ ಕೊಡುವುದನ್ನೂ ಮರೆತು ಹೋದಳು.