ಪರೀಕ್ಷಕಿಯ ಮುಖ

ಜರ್ಮನಿಯಿಂದ ಬಂದ ಪೆಟ್ಟಿಗೆಯಲ್ಲಿ ಹನ್ನೆರಡು ಪೆನ್ನು,
ಬರೆಯುವವಲ್ಲ, ಮೂಸುವವು.
ಮೊದಲ ವಾರವೇ ತಾಂಡಾದ ಸೋನಾಬಾಯಿ
ಲಿಕೊರಿಸ್ ಎನ್ನಬೇಕಾದ್ದನ್ನು
'ಕೆಮ್ಮಿನ ದವಾ' ಅಂದಳು.
ಕೋಷ್ಟಕ 'ತಪ್ಪು' ಅಂದಿತು.
ಆಕೆಯ ಮೂಗು ನೆಟ್ಟಗೇ ಇತ್ತು. ಊರು ತಪ್ಪಿ ಬಂದದ್ದು ಪೆಟ್ಟಿಗೆ.

ಸೇಡಂ ರಸ್ತೆಯ ಪ್ರಯೋಗಾಲಯದಲ್ಲಿ ಕೂತು
ನಮ್ಮವೇ ಸೀಸೆ ತುಂಬಿದೆ:
ಗಂಜಿನ ತೊಗರಿ ಹೊಟ್ಟು, ಸೀದ ಜೋಳದ ರೊಟ್ಟಿ,
ಶೇಂಗಾ ಎಣ್ಣೆ, ಸೀಮೆಎಣ್ಣೆ, ಅಜಿವಾನ, ಲೋಬಾನ.
ಗುಲಾಬಿಗೆ ಮಾತ್ರ ರೋಜಾ ಕಡೆ ಹೋದೆ,
ದಸ್ತಗೀರ್‌ಸಾಬ್ ಅತ್ತಾರರ ಅಂಗಡಿಗೆ.

"ನೀವು ಹೂಗಾರ್ರು, ನಾವು ಅತ್ತಾರ್ರು,
ಧಂದೆ ಒಂದೇ ಡಾಕ್ಟರ್‌ಬಾಯಿ.
ನೀವು ಹಸಿದು ಮಾರ್ತೀರಿ, ನಾವು ಹಿಂಡಿದ್ದು."
ಆರೋಗ್ಯವಂತರ ಗುಂಪಿಗೆ ತಾವೇ ಹೆಸರು ಕೊಟ್ಟರು.
ಪಟ್ಟಿಯಲ್ಲಿ ಇಪ್ಪತ್ತೇಳನೆಯವರು.
ಹನ್ನೆರಡಕ್ಕೆ ಹನ್ನೆರಡು.

ಇಷ್ಟು ಚಂದದ ಅಂಕ ಕಂಡರೆ ನನಗೆ ನಿದ್ದೆ ಬರುವುದಿಲ್ಲ.
ಮೂಸುವಾಗ ಅವರ ಕಣ್ಣು
ಸೀಸೆಯ ಮೇಲಿರಲಿಲ್ಲವಲ್ಲ?
ನಾಲ್ಕು ಹೆಸರು ಓದುತ್ತಿದ್ದವಳು ನಾನು.
ಸರಿಯಾದದ್ದು ನಾಲಿಗೆಗೆ ಬಂದಾಗ
ನನ್ನ ಹುಬ್ಬು ಏನೋ ಹೇಳಿಬಿಡುತ್ತಿತ್ತೇ?

ಮರುದಿನ ನಡುವೆ ಆಸ್ಪತ್ರೆಯ ಹಸಿರು ಚಾದರ ಕಟ್ಟಿಸಿದೆ.
ಯಾವ ಸೀಸೆಯೆಂದು ತಿಳಿಯದ ನರ್ಸ್ ಹೆಸರು ಓದಿದಳು.
ಕಣ್ಣು ಮುಚ್ಚಿ ಬೆರಳಿಟ್ಟರೂ ಮೂರು ಸರಿ ಬರಬೇಕು.
ಎರಡು ಬಂತು.

ಚಾದರದ ಆಚೆ ಬಹಳ ಹೊತ್ತು ಫ್ಯಾನಿನ ಸದ್ದು.
ಆಮೇಲೆ, "ಹನ್ನೊಂದು ವರ್ಷ ಆತ್ರಿ.
ಹುಮನಾಬಾದ್ ರಸ್ತೆದಾಗ ಲೂನಾ ಜಾರಿತ್ತು.
ತಲಿಗೆ ನಾಕು ಹೊಲಿಗಿ, ಅಷ್ಟ.
ಮನಿಗೆ ಬಂದು ಕಪಾಟ ತಗದೆ,
ಒಂದೂ ಸೀಸೆ ಮಾತಾಡಲಿಲ್ಲ."

ಮಕ್ಕಳಿಗೆ ವರ್ಷವರ್ಷ ಪಾಠ ಹೇಳುತ್ತೇನೆ:
ಕಣ್ಣು, ಕಿವಿ, ಚರ್ಮ, ಎಲ್ಲದರ ಸುದ್ದಿಯೂ ಮೆದುಳಿನ
ವಾಡಿ ಜಂಕ್ಷನ್ನಿನಲ್ಲಿ ಇಳಿದು ಗಾಡಿ ಬದಲಿಸಬೇಕು.
ವಾಸನೆಯದೊಂದೇ ಅಲ್ಲಿ ನಿಲ್ಲದ ಗಾಡಿ,
ನೇರ ನೆನಪಿನ ಹಿತ್ತಿಲ ಬಾಗಿಲಿಗೆ.
ಮೂಗಿನ ನೆತ್ತಿಗೆ ಜರಡಿಯಂಥ ಎಲುಬು,
ಅದರ ತೂತುಗಳಲ್ಲಿ ಹಾದ ದಾರಗಳು ಕೂದಲಿಗಿಂತ ಸಣ್ಣವು.
ಮೆದುಳು ಒಮ್ಮೆ ಗಕ್ಕನೆ ಸರಿದರೆ ಸಾಕು.
ಇದನ್ನೆಲ್ಲ ಅವರಿಗೆ ಹೇಳಿದೆ.
"ಹಳಿ ಕಿತ್ತದ ಅನ್ರಿ," ಅಂದರು.

ಮತ್ತೆ ಅಂಗಡಿ?

"ಗಿರಾಕಿ ಮಾರಿ ಅದಲ್ರೀ.
ಮೂಸಿದವ ಕಣ್ಣು ಮುಚ್ಚಿದ್ರ ಗುಲಾಬ್.
ಮುಚ್ಚಿದ ಕಣ್ಣು ತೆರೀಲಿಕ್ಕೆ ತಡ ಆದ್ರ ಹಿನಾ.
ಹೋದವರು ಯಾರೋ ಮುಂದ ಬಂದು ನಿಂತಂಗ
ಒಮ್ಮೆಲೆ ಸುಮ್ಮನಾದ್ರ, ಅದು ಮಿಟ್ಟಿ.
ಮನಿಯಾಕಿಗೂ ಗೊತ್ತಿಲ್ರಿ.
ಹೆಸರು ಬರೀಬ್ಯಾಡ್ರಿ."

ಬರೆಯಲಿಲ್ಲ. ಪ್ರಬಂಧದಲ್ಲಿ ಇಪ್ಪತ್ತೇಳು ಖಾಲಿ.
ಕೊನೆಗೆ ಮಿತಿಗಳನ್ನು ಒಪ್ಪಿಕೊಳ್ಳುವಲ್ಲಿ ಒಂದು ಸಾಲು:
ಮೊದಲ ಸುತ್ತಿನಲ್ಲಿ ಪರೀಕ್ಷಕಿಯ ಮುಖ ಮುಚ್ಚಿರಲಿಲ್ಲ.

ಮೇ ತಿಂಗಳು. ರಸ್ತೆಯ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು.
ಅಂಗಡಿಯಲ್ಲಿ ಇಬ್ಬರೇ. ಚೀಟಿ ಉದುರಿದ
ಸೀಸೆಯೊಂದರ ಬಿರಡೆ ತೆಗೆದು
ನನ್ನ ಮಣಿಕಟ್ಟಿಗೆ ಒಂದು ಹನಿ ಹಚ್ಚಿದರು.
ನಾನು ಮೂಸುವಾಗ ಅವರು, ಬೇಕೆಂದೇ,
ರಸ್ತೆಯ ಕಡೆ ಮುಖ ತಿರುಗಿಸಿದರು.
"ಈ ಸಲ ಬಾಯಿಲೆ ಹೇಳ್ರಿ."

ಘಮ ಅನ್ನಲೇ? ಕಮಟು? ಘಾಟು?
ಇಪ್ಪತ್ತು ವರ್ಷದ ಓದು ಇಲ್ಲಿ ಬಂದು ತೊದಲಿತು.
ಬೆಳಗಿನ ನಾಲ್ಕು ಗಂಟೆ, ಅಂದೆ,
ಅಜ್ಜಿ ಹೂಬುಟ್ಟಿಯ ಮೇಲೆ ಹೊದಿಸಿದ
ಒದ್ದೆ ಗೋಣಿತಟ್ಟು.
ಹೂವಲ್ಲ.
ಹೂವು ಇನ್ನೂ ಅದರ ಕೆಳಗಿದೆ.

"ಖಸ್," ಅಂದರು ದಸ್ತಗೀರ್‌ಸಾಬ್,
ತಿರುಗಿ ನೋಡದೆ, ಚೀಟಿ ಬರೆಯಲು ಪೆನ್ನು ಹುಡುಕುತ್ತ.