ಹದಿನಾಲ್ಕು ದಿನದ ಶಾಯಿ

ಸಿದ್ದಾಪುರದ ಲಾಡ್ಜು, ಮೂರನೇ ಮಹಡಿ.
ಲಿಫ್ಟು ಕೆಟ್ಟು ಎರಡು ವರ್ಷವಾಯಿತಂತೆ.
ಕೈಯಲ್ಲಿ ರಬ್ಬರು ಮುದ್ರೆ, ಶಾಯಿಯ ಪ್ಯಾಡು,
ಮುಖಕ್ಕೆ ಹಳೇ ಲಂಗ ಹರಿದು ನಾನೇ ಹೊಲಿದ ಬಟ್ಟೆ.
ಓಟಿನ ದಿನ ಬೆರಳಿಗಿಡುವ ಶಾಯಿಯೇ ಇದು.
ಆವತ್ತು ಹಚ್ಚಿಸಿಕೊಂಡು ಫೋಟೋ ತೆಗೆಸಿಕೊಂಡವರು
ಈಗ ಕೈಯನ್ನು ಬೆನ್ನ ಹಿಂದೆ ಬಚ್ಚಿಡುತ್ತಾರೆ.

ಬಾಗಿಲು ತೆರೆದವಳು ಶಿಯೂನಾ, ಮಾಲ್ಡೀವ್ಸಿನವಳು.
ಬಚ್ಚಿಡಲಿಲ್ಲ. ತಾನೇ ತೋಳು ಮಡಚಿದಳು.
ಒಳಗೆ ಮಂಚದ ಮೇಲೆ ಅವಳಪ್ಪ,
ಗಂಟಲಲ್ಲಿ ಗಡ್ಡೆ, ಮಾತು ಹೋಗಿದೆ.
ಹೊಸೂರು ರಸ್ತೆಯ ಆಸ್ಪತ್ರೆಯಲ್ಲಿ ಕರೆಂಟು ಕೊಡುತ್ತಿದ್ದಾರೆ,
ಇನ್ನೂ ಒಂಬತ್ತು ಬಾಕಿ.

ಅರ್ಧ ಹಿಂದಿ, ಅರ್ಧ ಕೈಸನ್ನೆ:
"ನಮ್ಮೂರು ಎಷ್ಟು ದೊಡ್ಡದು ಗೊತ್ತಾ ದೀದಿ?
ಅಕ್ಕಿ ಒಲೆಗಿಟ್ಟು ಹೊರಟರೆ
ಸಮುದ್ರ ಬಿಡದೆ ಊರೆಲ್ಲ ಸುತ್ತಿ ಬರುವಷ್ಟರಲ್ಲಿ
ಅನ್ನ ಆಗಿರುತ್ತದೆ."

ಅಲ್ಲಿಗೂ ಬಂತಂತೆ. ಚಿಕ್ಕಮ್ಮ ಫೋನಿನಲ್ಲಿ ಹೇಳಿದಳಂತೆ.
ಮೊದಲು ಹೋಟೆಲಿನಲ್ಲಿ ಹಾಸಿಗೆ ಹಾಸುವವನು,
ಆಮೇಲೆ ಅವನನ್ನು ಊರಿಗೆ ದಾಟಿಸಿದ ದೋಣಿಯವನು,
ದೋಣಿಯವನ ತಂಗಿ,
ತಂಗಿಯ ಹತ್ತಿರ ಸೂಜಿ ಎರವಲು ತಂದ ಟೀಚರು.
"ಎಲ್ಲರ ಹೆಸರೂ ನನಗೆ ಗೊತ್ತು.
ಅದೇ ಕಷ್ಟ. ನಿಮ್ಮಲ್ಲಿ?"

ನಮ್ಮಲ್ಲಿ ಹೆಸರಿಲ್ಲ.
ಪಿ-ಇಷ್ಟು, ಪಿ-ಅಷ್ಟು,
ಪಿ-ಇಷ್ಟರ ಸಂಪರ್ಕಕ್ಕೆ ಬಂದ ಪಿ-ಮತ್ತಷ್ಟು.
ಪಿ ಅಂದರೆ ಪೇಷೆಂಟೋ ಪಿಶಾಚಿಯೋ ಅಕ್ಕಾ
ಅಂತ ಕೇಳಿದ್ದ ಲಾಡ್ಜಿನ ಹುಡುಗ ಮಾದೇಶ,
ಟೀ ಲೋಟಗಳನ್ನು ಐದು ಬೆರಳಿಗೆ ಸಿಕ್ಕಿಸಿಕೊಂಡು, ನಗುತ್ತ.

ಏಳನೇ ದಿನ ಮಾದೇಶನಿಗೇ ನಂಬರು ಬಿತ್ತು.

ಬೆಳಗಾಗುವಷ್ಟರಲ್ಲಿ ಬೀದಿಯ ಎರಡೂ ತುದಿಗೆ ತಗಡು.
ನನ್ನ ಮನೆ ಅದೇ ಬೀದಿಯ ಬಾಲ.
ನನ್ನ ಮುಂಗೈಗೆ ಮುದ್ರೆಯೊತ್ತಿದವಳು
ನನ್ನ ಜೊತೆಯವಳೇ, ಪುಟ್ಟನಂಜಿ,
ಒತ್ತುವಾಗ ಆ ಕಡೆ ಮುಖ ಮಾಡಿದ್ದಳು.
ಮನೆ ಓನರಮ್ಮ ಕಿಟಕಿಯಿಂದಲೇ ಅಂದಳು,
"ಗಂಗಹುಚ್ಚಮ್ಮ, ನಲ್ಲಿ ನೀರು ಎಲ್ಲರೂ ಹಿಡಿದ ಮೇಲೆ ಹಿಡಿ."
ಹಿಡಿದೆ. ನಿಂತು ಹೋಗುವ ಹೊತ್ತಿಗೆ ಒಂದು ಬಿಂದಿಗೆ.

ಕರೆಂಟಿಗೆ ಹೋಗಲೇಬೇಕಲ್ಲ ಆ ಅಪ್ಪ.
ಎರಡು ಬೋಲ್ಟು ಬಿಚ್ಚಿ ತಗಡು ಸರಿಸಿದರು ಪೊಲೀಸರು,
ಒಬ್ಬರು ನುಸಿಯುವಷ್ಟು.
ದೋಣಿ ಕಟ್ಟುವವನಂತೆ ಅವನು.
ಸಂದಿನಲ್ಲಿ ನಿಂತು, ಕೀಲಿನ ಮೇಲೆ ಹೆಬ್ಬೆಟ್ಟು ಒತ್ತಿ ನೋಡಿ,
ತಲೆಯಾಡಿಸಿದ:
ಇದು ನೀರು ತಡೆಯೋದಿಲ್ಲ.

ಆ ಸಂಜೆ ನಾನೂ ಅಕ್ಕಿ ಒಲೆಗಿಟ್ಟು ಹೊರಟೆ.
ಈ ತಗಡಿನಿಂದ ಆ ತಗಡಿಗೆ.
ಮೂವತ್ತೆಂಟು ಮನೆ, ಬೀಗ ಹಾಕಿದ ಹಿಟ್ಟಿನ ಗಿರಣಿ,
ಹಗ್ಗದ ಮೇಲೆ ಯಾರೂ ಎತ್ತದ ಶಾಲೆಯ ಯೂನಿಫಾರಂ,
ಮೂರನೇ ಮಹಡಿಯಿಂದ ಕೈ ಬೀಸುತ್ತಿದ್ದ ಶಿಯೂನಾ.
ವಾಪಸು ಬಂದು ಮುಚ್ಚಳ ತೆಗೆದರೆ
ನೀರು ಇನ್ನೂ ಕುದಿದೇ ಇರಲಿಲ್ಲ.

ರಾತ್ರಿ ರಿಜಿಸ್ಟರು ತೆರೆದು
ಪಿ-ನಂಬರಿನ ಪಕ್ಕ ಪೆನ್ಸಿಲಿನಲ್ಲಿ ಬರೆದೆ:
ಮಾದೇಶ, ಹನೂರಿನವನು, ಸಕ್ಕರೆ ಜಾಸ್ತಿ ಹಾಕುತ್ತಾನೆ.
ಹೆಸರು ಬರೆಯಕೂಡದೆಂದು ಆರ್ಡರು.
ಬೆಳಿಗ್ಗೆ ಅಳಿಸಿದೆ.
ಒತ್ತಿ ಬರೆದುಬಿಟ್ಟಿದ್ದೆ,
ಬೆರಳಾಡಿಸಿದರೆ ಈಗಲೂ ಸಿಗುತ್ತದೆ.